ಬಿಟ್ಟಿ ಕೆಲಸ ಅಂದ್ರೆ ಯಾಕೆ ಹಾಳು ಕೆಲಸ?

ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ ಬೋರ್ಡೋ ಹೊಡೆಸುವಾಗ ತೋಟದಲ್ಲಿ ಈ ಮಾತು ಕೇಳುತ್ತದೆ: "ಬಿಟ್ಟಿ ಕೆಲಸ ಮಾಡ್ದಂಗೆ ಮಾಡ್ಬೇಡ ಮಾರಾಯ, ಕೊನೆ ಹಿಂದ್ಗಡೆಗೂ ಬೀಳ್ಲಿ." ಮಾಸ್ತಿಕಟ್ಟೆ, ಹುಲಿಕಲ್ ಕಡೆಯ ಮಳೆಗೆ ಮದ್ದು ತಾಗದ ಕೊನೆ ಉಳಿಯುವುದು ಕಷ್ಟ. ಕೊಳೆ ಬಂದು ಹಸಿ ಕಾಯಿ ಉದುರಿದಾಗ ಯಾರ ಕೈ ಎಲ್ಲಿ ಅವಸರ ಮಾಡಿತ್ತು ಅನ್ನೋದು ಗೊತ್ತಾಗುತ್ತದೆ.

ವಿಚಿತ್ರ ಅಂದ್ರೆ, ಹಾಗೆ ಬೈಸಿಕೊಂಡವನು ಬಿಟ್ಟಿ ಬಂದವನಲ್ಲ, ದಿನದ ಕೂಲಿಗೆ ಬಂದವನು. ಹಾಗಾದರೆ ಅವಸರದ, ಮನಸ್ಸಿಲ್ಲದ ಕೆಲಸಕ್ಕೆ ಬಿಟ್ಟಿ ಅನ್ನುವ ಹೆಸರು ಯಾಕೆ ಬಂತು?

ಪದ ಹಳೆಯದು. ಸಂಸ್ಕೃತದ 'ವಿಷ್ಟಿ' ಕನ್ನಡದಲ್ಲಿ 'ಬಿಟ್ಟಿ' ಆಯಿತು. ಅರ್ಥ, ಆಳುವವರು ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಗುಜರಾತಿನ ಜುನಾಗಢದ ಬಂಡೆಯ ಮೇಲೆ ಸುಮಾರು ಕ್ರಿ.ಶ. 150ರ ಕಾಲದ ರುದ್ರದಾಮನ ಶಾಸನವಿದೆ. ಬಿರುಗಾಳಿ ಮಳೆಗೆ ಒಡೆದ ಸುದರ್ಶನ ಕೆರೆಯ ಕಟ್ಟೆಯನ್ನು ಮತ್ತೆ ಕಟ್ಟಿಸಿದ್ದನ್ನು ಹೇಳುತ್ತಾ, ಜನರನ್ನು ತೆರಿಗೆಯಿಂದಲೂ ವಿಷ್ಟಿಯಿಂದಲೂ ಪೀಡಿಸದೆ ತನ್ನ ಖಜಾನೆಯ ಹಣದಲ್ಲೇ ಮಾಡಿಸಿದೆ ಎಂದು ರಾಜ ಹೇಳಿಕೊಂಡಿದ್ದಾನೆ. ಮಾಣಿ ಅಣೆಕಟ್ಟಿನ ಆಸುಪಾಸಿನವರಾದ ನಮಗೆ ಕಟ್ಟೆ ಕಟ್ಟುವ ಕೆಲಸ ಎಂಥದ್ದು ಅಂತ ಹೇಳಬೇಕಾಗಿಲ್ಲ. ಬಿಟ್ಟಿ ಹಿಡಿಯಲಿಲ್ಲ ಅನ್ನೋದನ್ನೇ ಹೆಮ್ಮೆಯಿಂದ ಕೆತ್ತಿಸಬೇಕಾದರೆ, ಹಿಡಿಯುವುದು ಎಷ್ಟು ಮಾಮೂಲಾಗಿತ್ತು ಅಂತ ನೀವೇ ಲೆಕ್ಕ ಹಾಕಿ. ನಮ್ಮ ಕನ್ನಡ ಶಾಸನಗಳಲ್ಲೂ ತೆರಿಗೆಗಳ ಸಾಲಿನಲ್ಲಿ ಬಿಟ್ಟಿ ಕಾಣಿಸುತ್ತದೆ.

ಇದರ ಜೋಡಿ ಪದ 'ಬೇಗಾರಿ', ಫಾರ್ಸಿಯಿಂದ ಬಂದದ್ದು. ಹಿಂದಿಯಲ್ಲಿ 'ಬೇಗಾರ್ ಟಾಲನಾ' ಅಂದರೆ ಹೇಗೋ ಮಾಡಿ ಕೈತೊಳೆದುಕೊಳ್ಳುವುದು. ಎರಡು ಭಾಷೆ, ಎರಡು ಬೇರೆ ಪದ, ಅರ್ಥ ಹೊರಳಿದ ದಾರಿ ಒಂದೇ. ಕುಮಾಊಂ ಗುಡ್ಡಗಾಡಿನಲ್ಲಿ 1921ರ ಜನವರಿಯಲ್ಲಿ ಬಾಗೇಶ್ವರದ ಜಾತ್ರೆಗೆ ಸೇರಿದ ಜನ ಬೇಗಾರಿ ಆಳುಗಳ ಹೆಸರಿದ್ದ ರಿಜಿಸ್ಟರುಗಳನ್ನು ಸರಯೂ ಹೊಳೆಗೆ ಎಸೆದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೇ ವಿಧಿ 'ಬೇಗಾರ್' ಅನ್ನುವ ಪದವನ್ನೇ ಹೆಸರಿಸಿ ನಿಷೇಧಿಸಿತು.

ಮಲೆನಾಡಿನಲ್ಲಿ ಮಾತ್ರ ಗೇಣಿಯ ಜತೆ ಒಡೆಯರ ಮನೆಯ ಬಿಟ್ಟಿ ಚಾಕರಿಯೂ ಒಕ್ಕಲಿನ ಹೆಗಲ ಮೇಲೇ ಇತ್ತು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದು ನಿಂತರು. ಜಗಳದ ನಡುವೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ, ಅದರ ಅಳತೆ. ಶಾಂತವೇರಿ ಗೋಪಾಲಗೌಡರು ಜತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಸಿಗುವ ಕಾನೂನಿಗೆ 1974ರವರೆಗೆ ಕಾಯಬೇಕಾಯಿತು.

ನನಗನ್ನಿಸುವುದು ಇಷ್ಟು: 'ಬಿಟ್ಟಿ ಕೆಲಸ' ಅನ್ನುವ ಬೈಗುಳ ಮಾಡಿಸಿಕೊಂಡವರ ಬಾಯಿಂದ ಬಂದದ್ದು. ಒತ್ತಾಯದ ಕೆಲಸ ಹಸನಾಗುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ತಪ್ಪನ್ನು ಮಾತ್ರ ಆಳಿನ ಕೈಗೆ ಅಂಟಿಸಿದರು. ಈಗಂತೂ ಪದ ಇನ್ನೊಂದು ಮಗ್ಗುಲಿಗೆ ಹೊರಳಿದೆ. ಬಿಟ್ಟಿ ಅಂದರೆ ಪುಕ್ಕಟೆ ಸಿಕ್ಕಿದ್ದು. ಮೊದಲು ಕೊಟ್ಟವನ ಕಷ್ಟ ಅದರಲ್ಲಿತ್ತು, ಈಗ ಪಡೆದವನ ಲಾಭ.

ಕೂಲಿ ಇಲ್ಲ ಅಂತಲೇ ಕೆಲಸ ಕೆಡುತ್ತದೆ ಅನ್ನೋಣ ಅಂದರೆ ನಮ್ಮಲ್ಲಿ ಮುಯ್ಯಾಳು ಇದೆಯಲ್ಲ. ಅಲ್ಲೂ ದುಡ್ಡಿನ ಮಾತಿಲ್ಲ. ಆದರೆ ಪಕ್ಕದ ಮನೆಯ ಗದ್ದೆಗೆ ನಟ್ಟಿಗೆ ಹೋದವರು ಸಸಿಯನ್ನು ಬೇಕಂತ ಅರೆಬರೆ ಊರಿ ಬರುವುದಿಲ್ಲ. ನಾಡಿದ್ದು ಅವರು ನಮ್ಮ ಗದ್ದೆಗೆ ಬರುವವರು.