ಸೂಜಿಗಿಂತ ಮೊದಲು ಚಿತ್ರ

ಗಂಡಸರ ಮೂತ್ರಕೋಶದ ಕೆಳಗೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ ಇದೆ. ಅದೇ ಪ್ರಾಸ್ಟೇಟ್. ಇದಕ್ಕೆ ತಗಲುವ ಕ್ಯಾನ್ಸರ್ ವಿಚಿತ್ರವಾದದ್ದು. ಕೆಲವರಲ್ಲಿ ಅದು ಮೂಳೆಗೆ ಹಬ್ಬಿ ಪ್ರಾಣ ತೆಗೆಯುತ್ತದೆ. ಹಲವರಲ್ಲಿ ಆಯುಷ್ಯ ಮುಗಿಯುವವರೆಗೂ ಸದ್ದಿಲ್ಲದೆ ಇದ್ದುಬಿಡುತ್ತದೆ. ಯಾವುದು ಯಾವುದೆಂದು ತಿಳಿಯಲು ವೈದ್ಯರು ದಶಕಗಳ ಕಾಲ ತಡಕಾಡಿದರು.

ತಡಕಾಟ ಎಂಬುದು ಬರೀ ಮಾತಲ್ಲ. ಹಳೆಯ ಪರೀಕ್ಷೆಯೆಂದರೆ ಗುದದ್ವಾರದ ಮೂಲಕ ಬೆರಳಿನಿಂದ ಮುಟ್ಟಿ ನೋಡುವುದೇ ಆಗಿತ್ತು. 1994ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪಿಎಸ್‌ಎ ರಕ್ತಪರೀಕ್ಷೆಯನ್ನು ರೋಗ ಪತ್ತೆಗೆ ಬಳಸಲು ಒಪ್ಪಿಗೆ ನೀಡಿತು. ಆದರೆ ಪಿಎಸ್‌ಎ ಪ್ರಮಾಣ ಸೋಂಕಿನಿಂದಲೂ ಏರುತ್ತದೆ, ವಯಸ್ಸಾದಂತೆ ಗ್ರಂಥಿ ದೊಡ್ಡದಾದರೂ ಏರುತ್ತದೆ. ಹೀಗೆ ಏರಿದವರಿಗೆ ಬಯಾಪ್ಸಿ. ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿ ಕಂಡರೂ ಗಡ್ಡೆ ಸ್ಪಷ್ಟವಾಗಿ ಕಾಣದು. ಹಾಗಾಗಿ ಹತ್ತು ಹನ್ನೆರಡು ಕಡೆ ಸೂಜಿ ಚುಚ್ಚಿ ಚೂರು ತೆಗೆಯುತ್ತಿದ್ದರು. ಅಪಾಯದ ಗಡ್ಡೆ ಸೂಜಿಗೆ ತಪ್ಪಿಸಿಕೊಳ್ಳುವುದೂ ಇತ್ತು, ನಿರುಪದ್ರವಿ ಗಡ್ಡೆ ಸಿಕ್ಕಿಬೀಳುವುದೂ ಇತ್ತು. ಸಿಕ್ಕಿತೆಂದರೆ ಶಸ್ತ್ರಚಿಕಿತ್ಸೆ ಇಲ್ಲವೇ ವಿಕಿರಣ. ಅದರ ಬೆನ್ನಿಗೇ ಕೆಲವರಿಗೆ ಮೂತ್ರ ಹಿಡಿದಿಡಲಾಗದ ಸಂಕಟ, ಲೈಂಗಿಕ ಶಕ್ತಿಯ ನಷ್ಟ. ಮನೆಯವರ ಮುಂದೆಯೂ ಬಾಯಿಬಿಡಲಾಗದ ಕಷ್ಟಗಳಿವು.

ಪರಿಹಾರದ ಬೀಜ ಬಹಳ ಹಿಂದೆಯೇ ಬಿದ್ದಿತ್ತು. ಇಲಿಗಳ ಗಡ್ಡೆಯಲ್ಲಿನ ನೀರು ಕಾಂತಕ್ಷೇತ್ರದಲ್ಲಿ ಆರೋಗ್ಯವಂತ ಅಂಗಾಂಶಕ್ಕಿಂತ ಬೇರೆ ಬಗೆಯ ಸಂಕೇತ ಕೊಡುತ್ತದೆ ಎಂದು ಅಮೆರಿಕದ ರೇಮಂಡ್ ಡಮಾಡಿಯನ್ 1971ರಲ್ಲಿ ಪ್ರಕಟಿಸಿದರು. ಆ ಸಂಕೇತವನ್ನು ಚಿತ್ರವಾಗಿಸುವ ದಾರಿಯನ್ನು 1973ರಲ್ಲಿ ಪಾಲ್ ಲಾಟರ್‌ಬರ್ ತೋರಿಸಿದರು. 1977ರ ಜುಲೈ 3ರಂದು ಡಮಾಡಿಯನ್ ತಂಡ ಮನುಷ್ಯನ ಎದೆಯ ಒಂದು ಅಡ್ಡಸೀಳಿನ ಚಿತ್ರ ತೆಗೆಯಲು ಸುಮಾರು ಐದು ಗಂಟೆ ಹಿಡಿಯಿತು. ಯಂತ್ರದಲ್ಲಿ ಮೊದಲು ಕುಳಿತವರು ಡಮಾಡಿಯನ್ ಅವರೇ; ಸಂಕೇತ ಬರಲಿಲ್ಲ. ಕೊನೆಗೆ ಅವರ ತೆಳ್ಳಗಿನ ಶಿಷ್ಯನನ್ನು ಕೂರಿಸಬೇಕಾಯಿತು! 2003ರ ನೊಬೆಲ್ ಮಾತ್ರ ಲಾಟರ್‌ಬರ್ ಮತ್ತು ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಪಾಲಾಯಿತು. ಡಮಾಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದರು.

ಎಂಬತ್ತರ ದಶಕದಲ್ಲೇ ಪ್ರಾಸ್ಟೇಟ್ ಎಂಆರ್‌ಐಗೆ ಒಳಗಾಯಿತು. ಆದರೆ ಬಯಾಪ್ಸಿ ಮುಗಿದ ಮೇಲೆ, ರೋಗ ಎಷ್ಟು ಹಬ್ಬಿದೆ ಎಂದು ನೋಡಲಿಕ್ಕಷ್ಟೇ. ಸೂಜಿಯ ಗಾಯದಿಂದ ಒಳಗೆ ಉಳಿದ ರಕ್ತವೇ ಚಿತ್ರವನ್ನು ಗೊಂದಲಗೊಳಿಸುತ್ತಿತ್ತು. ಸಾಲು ತಿರುಗಿಸಿ, ಚಿತ್ರ ಮೊದಲು ಸೂಜಿ ಆಮೇಲೆ ಎನ್ನಲು ಎಷ್ಟೊಂದು ವರ್ಷ ಬೇಕಾದವು ಎಂಬುದೇ ಆಶ್ಚರ್ಯ.

ಅದಕ್ಕೆ ಗಟ್ಟಿ ಪುರಾವೆ ಒದಗಿದ್ದು 2017ರಲ್ಲಿ, ಬ್ರಿಟನ್ನಿನ 'ಪ್ರಾಮಿಸ್' ಅಧ್ಯಯನದಿಂದ. 576 ಮಂದಿಗೆ ಎಂಆರ್‌ಐ, ಮಾಮೂಲಿ ಬಯಾಪ್ಸಿ ಎರಡನ್ನೂ ಮಾಡಿ, ಐದೈದು ಮಿಲಿಮೀಟರಿಗೆ ಸೂಜಿ ಹಾಕಿ ತಾಳೆ ನೋಡಿದರು. ಅಪಾಯಕಾರಿ ಕ್ಯಾನ್ಸರ್‌ಗಳಲ್ಲಿ ಮಾಮೂಲಿ ಬಯಾಪ್ಸಿಗೆ ಸಿಕ್ಕಿದ್ದು ಶೇ 48, ಎಂಆರ್‌ಐಗೆ ಶೇ 93. ಮರುವರ್ಷದ 'ಪ್ರಿಸಿಷನ್' ಅಧ್ಯಯನದಲ್ಲಿ ಎಂಆರ್‌ಐ ಗುಂಪಿನ ಶೇ 28 ಮಂದಿಗೆ ಸೂಜಿಯೇ ಬೇಕಾಗಲಿಲ್ಲ. ಆದರೂ ಅಪಾಯದ ಗಡ್ಡೆ ಹೆಚ್ಚು ಸಿಕ್ಕಿತು, ನಿರುಪದ್ರವಿ ಗಡ್ಡೆ ಕಡಿಮೆ ಸಿಕ್ಕಿತು.

ಹಾಗೆಂದು ಚಿತ್ರವೇ ಕೊನೆಯ ಮಾತಲ್ಲ. ಅನುಮಾನದ ಕಲೆಗಳೆಲ್ಲ ಕ್ಯಾನ್ಸರ್ ಆಗಿರುವುದಿಲ್ಲ. ಚಿತ್ರ ಓದುವವರ ಅನುಭವವೂ ಮುಖ್ಯ. ಅಪಾಯ ಕಡಿಮೆಯೆಂದು ಖಚಿತವಾದವರಿಗೆ ಕತ್ತರಿ ಹಾಕದೆ ಕಣ್ಣಿಡುವ ಪದ್ಧತಿ ಈಗ ಬೆಳೆದಿದೆ. ಆ ಕಾವಲಿಗೂ ಎಂಆರ್‌ಐ ಬಳಕೆಯಲ್ಲಿದೆ. ಈ ಪರೀಕ್ಷೆಯಲ್ಲಿ ರಕ್ತನಾಳಕ್ಕೆ ಚುಚ್ಚುತ್ತಿದ್ದ ಬಣ್ಣದ್ರವ್ಯವನ್ನು ಕೈಬಿಟ್ಟರೂ, ಚಿತ್ರದ ಗುಣಮಟ್ಟ ಚೆನ್ನಾಗಿದ್ದರೆ, ಪತ್ತೆ ಕುಗ್ಗುವುದಿಲ್ಲವೆಂದು 2025ರಲ್ಲಿ ಪ್ರಕಟವಾದ 'ಪ್ರೈಮ್' ಅಧ್ಯಯನ ತೋರಿಸಿತು.