ಯಾರ ಬೀದಿಯಲ್ಲಿ ಯಾರ ಮನೆ?

ಹವ್ಯಾಸಿ ತಂಡಗಳು ಹೊಸ ನಾಟಕವೊಂದನ್ನು ಆರಿಸುವಾಗ ಮೊದಲು ಕೇಳುವುದು ಪಾತ್ರಗಳೆಷ್ಟು, ರಂಗಸಜ್ಜಿಕೆಗೆ ಖರ್ಚೆಷ್ಟು ಎಂದು. ಈ ಎರಡು ಪ್ರಶ್ನೆಗಳಿಗೂ ಸಲೀಸಾಗಿ ಉತ್ತರ ಕೊಡುವ ನಾಟಕ ಲೊರೇನ್ ಹ್ಯಾನ್ಸ್‌ಬೆರಿಯ ‘ಎ ರೈಸಿನ್ ಇನ್ ದ ಸನ್’. ಹತ್ತು ಹನ್ನೊಂದು ಪಾತ್ರಗಳು, ಮೊದಲಿನಿಂದ ಕೊನೆಯವರೆಗೆ ಒಂದೇ ಇಕ್ಕಟ್ಟಾದ ಮನೆ. ಅಮೆರಿಕದ ಕಪ್ಪು ಜನರ ಸಂಸಾರದ ಕಥೆಯಾದರೂ ತ್ಯಾಗರಾಜನಗರದಲ್ಲಿ ಕುಳಿತು ಓದಿದ ನನಗೆ ಅದು ದೂರದ್ದೆನಿಸಲಿಲ್ಲ. ಏಕೆಂಬುದನ್ನು ಹೇಳಲು ಸ್ವಲ್ಪ ಚರಿತ್ರೆ ಬೇಕು.

ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ ಯಂಗರ್ ಮನೆತನ. ಮೊಮ್ಮಗ ಮಲಗುವುದು ಹಜಾರದ ಸೋಫಾದ ಮೇಲೆ. ತೀರಿಕೊಂಡ ಯಜಮಾನನ ಜೀವವಿಮೆಯ ಹತ್ತು ಸಾವಿರ ಡಾಲರು ಬರುವುದಿದೆ. ಕಾರು ಓಡಿಸುವ ಮಗನಿಗೆ ಮದ್ಯದಂಗಡಿಯ ಕನಸು, ಮಗಳಿಗೆ ವೈದ್ಯೆಯಾಗುವ ಹಂಬಲ. ತಾಯಿ ಲೀನಾ ಅದರಲ್ಲಿ ಒಂದು ಭಾಗವನ್ನು ಮುಂಗಡ ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆ ಗೊತ್ತುಮಾಡುತ್ತಾಳೆ. ಉಳಿದ ಹಣವನ್ನು ಮಗ ನಂಬಿದ ಗೆಳೆಯನೊಬ್ಬ ನುಂಗಿ ಮಾಯವಾಗುತ್ತಾನೆ. ಅತ್ತ ಬಡಾವಣೆಯ ಸಂಘದ ಪ್ರತಿನಿಧಿಯೊಬ್ಬ ಬಂದು, ನೀವು ಬರದಿರುವುದಾದರೆ ಹೆಚ್ಚಿನ ಬೆಲೆಗೆ ಮನೆಯನ್ನು ನಾವೇ ಕೊಳ್ಳುತ್ತೇವೆ ಎನ್ನುತ್ತಾನೆ. ಅವನು ಗದರುವುದಿಲ್ಲ, ಬಯ್ಯುವುದಿಲ್ಲ. ಅತ್ಯಂತ ವಿನಯದಿಂದ ಮಾತನಾಡುತ್ತಾನೆ.

ಇದು ಬರಿಯ ಕಲ್ಪನೆಯಲ್ಲ. ಹ್ಯಾನ್ಸ್‌ಬೆರಿ ಏಳು ವರ್ಷದ ಬಾಲಕಿಯಾಗಿದ್ದಾಗ, 1937ರಲ್ಲಿ, ಆಕೆಯ ತಂದೆ ಕಾರ್ಲ್ ಬಿಳಿಯರ ಬೀದಿಯಲ್ಲಿ ಮನೆ ಕೊಂಡರು. ಕಪ್ಪು ಜನರಿಗೆ ಮಾರಕೂಡದೆಂದು ಅಲ್ಲಿಯ ಮನೆಯೊಡೆಯರು ಕರಾರು ಮಾಡಿಕೊಂಡಿದ್ದರು. ಹೊರಗಿನಿಂದ ಎಸೆದ ಇಟ್ಟಿಗೆಯೊಂದು ಬಾಲಕಿಯ ತಲೆಗೆ ತಗಲುವುದು ಸ್ವಲ್ಪದರಲ್ಲಿ ತಪ್ಪಿತು; ತಾಯಿ ರಾತ್ರಿಯೆಲ್ಲ ಪಿಸ್ತೂಲು ಹಿಡಿದು ಕಾವಲಿದ್ದರು. ದಾವೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1940ರಲ್ಲಿ ತೀರ್ಪು ಕಾರ್ಲ್ ಪರವಾಯಿತು. ಆದರೆ ಅದು ಕಾನೂನಿನ ಒಂದು ಎಳೆ ಹಿಡಿದು ಬಂದ ಜಯ. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂಬ ತೀರ್ಪು ಬಂದದ್ದು 1948ರಲ್ಲಿ, ಬೇರೊಂದು ದಾವೆಯಲ್ಲಿ.

ನಾಟಕ 1959ರ ಮಾರ್ಚ್ 11ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗವನ್ನೇರಿತು. ಕಪ್ಪು ಮಹಿಳೆಯೊಬ್ಬಳ ಕೃತಿ ಅಲ್ಲಿಗೇರಿದ್ದು ಅದೇ ಮೊದಲು. ಹಣ ಹೂಡುವವರನ್ನು ಹುಡುಕಲು ನಿರ್ಮಾಪಕರಿಗೆ ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಆಮೇಲೆ 530 ಪ್ರದರ್ಶನಗಳಾದವು. ಮುಖ್ಯ ಪಾತ್ರಗಳಲ್ಲಿದ್ದ ಸಿಡ್ನಿ ಪಾಟಿಯೆ, ರೂಬಿ ಡೀ ಇಬ್ಬರೂ ಪಳಗಿದ್ದು ಹಾರ್ಲೆಮ್‌ನ ಪುಸ್ತಕಭಂಡಾರವೊಂದರ ನೆಲಮಾಳಿಗೆಯಲ್ಲಿ 1940ರಲ್ಲಿ ಆರಂಭವಾದ ‘ಅಮೆರಿಕನ್ ನೀಗ್ರೋ ಥಿಯೇಟರ್’ ಎಂಬ ಜನರ ರಂಗಶಾಲೆಯಲ್ಲಿ. ಹ್ಯಾನ್ಸ್‌ಬೆರಿ 1965ರಲ್ಲಿ, ಇನ್ನೂ ಮೂವತ್ತನಾಲ್ಕರ ವಯಸ್ಸಿನಲ್ಲಿ, ತೀರಿಕೊಂಡರು.

ಇನ್ನು ನಮ್ಮ ಕಡೆಗೆ. ಬಸವನಗುಡಿ, ಮಲ್ಲೇಶ್ವರಗಳು 1890ರ ದಶಕದ ಬಡಾವಣೆಗಳು. 1898ರ ಪ್ಲೇಗಿನ ಬಳಿಕ ಬೇಗ ಬೇಗ ತುಂಬಿಕೊಂಡವು. ಅಗಲವಾದ ಬೀದಿ, ಗಾಳಿ ಬೆಳಕುಗಳನ್ನು ಕುರಿತು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದ್ದೇ. ಆದರೆ ಆ ಯೋಜನೆಯಲ್ಲಿ ಇಂಥ ಭಾಗ ಇಂಥ ಜಾತಿಯವರಿಗೆಂದು ನಿವೇಶನಗಳನ್ನು ವಿಂಗಡಿಸಿದ್ದರೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಷಿಕಾಗೋದಲ್ಲಿ ನೆರೆಹೊರೆಯವರು ಕರಾರು ಬರೆದುಕೊಂಡು ಮಾಡಿದ್ದನ್ನು ಇಲ್ಲಿ ನಕ್ಷೆಯೇ ಸದ್ದಿಲ್ಲದೆ ಮಾಡಿತು. ನಕ್ಷೆಯ ಕಾಲ ಹೋಯಿತೆನ್ನೋಣ; ಬಾಡಿಗೆ ಮನೆ ಕೇಳಿ ಹೋದವನ ಊಟದ ಪದ್ಧತಿಯನ್ನು ವಿಚಾರಿಸಿ ಜಾತಿಯನ್ನು ತಿಳಿದುಕೊಳ್ಳುವ ಜಾಣತನ ಇಂದಿಗೂ ಹೋಗಿಲ್ಲ.

ಇದೇ ಸೀಮೆಯಲ್ಲಿ ಸಂಸಾರದ ನಾಟಕವೂ ಬೆಳೆಯಿತೆಂಬುದು ಗಮನಾರ್ಹ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ಹಿರಿಯರ ಬಾಯಲ್ಲಿ ಬರಿಯ ಎ.ಡಿ.ಎ., ವೃತ್ತಿಕಂಪನಿಗಳ ವೈಭವಕ್ಕೆ ಪ್ರತಿಯಾಗಿ ವಿದ್ಯಾವಂತರ ರಂಗವೊಂದನ್ನು ಕಟ್ಟಿತು. ಕೈಲಾಸಂ ‘ಟೊಳ್ಳುಗಟ್ಟಿ’ಯಿಂದ ಮೊದಲುಮಾಡಿ ರಾಜರ ಆಸ್ಥಾನದ ಬದಲು ನಮ್ಮ ನಡುಮನೆಯನ್ನೇ ರಂಗದ ಮೇಲೆ ತಂದಿಟ್ಟರು. ಅವರ ಇಂಗ್ಲಿಷು ಬೆರೆತ ಕನ್ನಡಕ್ಕೆ ಮೂಗು ಮುರಿದವರು ಉಂಟು. ಕಿವಿ ತೆರೆದು ಕೇಳಿದವರಿಗೆ ಅದು ತಮ್ಮ ಮನೆಯದೇ ಭಾಷೆ. ಜಾತಿಯ ಕಟ್ಟು ಸಂಸಾರವನ್ನು ಹೇಗೆ ಹಿಂಡುತ್ತದೆಂಬುದನ್ನು ಅವರು ‘ಬಹಿಷ್ಕಾರ’ದಲ್ಲಿ ತೋರಿಸಿದರು. ಆದರೂ ಅದು ಒಳಗಿರುವವರನ್ನು ಹೊರಗೆ ಹಾಕುವ ಕಥೆ. ಹೊರಗಿನವರು ಒಳಗೆ ಬರುವ ಕಥೆಯನ್ನು ಬಡಾವಣೆಯ ರಂಗ ಅಷ್ಟು ಸುಲಭವಾಗಿ ಮುಟ್ಟಲಿಲ್ಲವೆಂದು ನನ್ನ ಭಾವನೆ.

ಹಾಗಾದರೆ ಹ್ಯಾನ್ಸ್‌ಬೆರಿಯ ನಾಟಕವನ್ನು ಕನ್ನಡದಲ್ಲಿ ಆಡುವುದು ಹೇಗೆ? ಮುಖಕ್ಕೆ ಮಸಿ ಬಳಿದುಕೊಂಡು ಅಮೆರಿಕದವರಂತೆ ನಟಿಸುವುದು ಎರಡು ನಾಡಿಗೂ ಅವಮಾನ. ಬೇರೆ ದಾರಿ ನಮ್ಮವರೇ ಹಾಕಿಕೊಟ್ಟದ್ದು. ನರಸಿಂಹರಾಜ ಕಾಲೊನಿಯ ಪ್ರತಿಷ್ಠಾನ ಯಾರ ಹೆಸರನ್ನು ಹೊತ್ತಿದೆಯೋ ಆ ಬಿ.ಎಂ.ಶ್ರೀ. ಅವರು ಸೊಫೋಕ್ಲಿಸನ ವೀರನನ್ನು ಅಶ್ವತ್ಥಾಮನನ್ನಾಗಿಸಿದರು, ಎ.ಎನ್. ಮೂರ್ತಿರಾಯರು ಮೋಲಿಯೇರನ ಕಪಟಿಗೆ ‘ಆಷಾಢಭೂತಿ’ಯೆಂದು ನಾಮಕರಣ ಮಾಡಿದರು. ಆ ಕ್ರಮದಲ್ಲಿ ಯಂಗರ್ ಮನೆತನ ನಮ್ಮ ಯಾವುದಾದರೂ ಕೇರಿಯ ಇಕ್ಕಟ್ಟಾದ ಮನೆಯಿಂದ ಬರಬಹುದು, ಕೊಳ್ಳುವ ಮನೆ ನಮ್ಮ ಬೀದಿಯಲ್ಲಿರಬಹುದು. ಆದರೆ ಆ ಕೇರಿಯ ಮಾತನ್ನು ಅಲ್ಲಿ ಹುಟ್ಟಿದವರೇ ಬರೆಯಬೇಕು, ಆಡಬೇಕು. ಇಲ್ಲವಾದರೆ ನಾವು ಮತ್ತೊಮ್ಮೆ ಅವರ ಪರವಾಗಿ ಮಾತನಾಡಿದಂತಾಗುತ್ತದೆ.

ನಮ್ಮ ಕಡೆಯ ನಟರಿಗೆ ಉಳಿಯುವುದು ಸಂಘದ ಪ್ರತಿನಿಧಿಯ ಪಾತ್ರ. ಅದು ಚಿಕ್ಕದು, ಬಲು ಕಷ್ಟದ್ದು. ಖಳನಾಯಕನಂತೆ ಆಡಿದರೆ ಕೆಟ್ಟಿತು. ಬಡಾವಣೆಯಲ್ಲಿ ಎಲ್ಲರಿಗೂ ಬೇಕಾದ, ನಗುಮುಖದ, ಒಳ್ಳೆಯ ಕನ್ನಡ ಮಾತನಾಡುವ ನಟನಿಗೇ ಅದನ್ನು ವಹಿಸಬೇಕು. ಅವನು ಕುರ್ಚಿಯ ಅಂಚಿನಲ್ಲಿ ಕುಳಿತು, ಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದು, ‘ತಾವು ತಪ್ಪು ತಿಳಿಯಬಾರದು’ ಎಂದು ಮಾತು ತೆಗೆಯಲಿ.