‘ಯು’ ಸರ್ಟಿಫಿಕೇಟ್ ಇದ್ದರೆ ಸಾಕೇ? ಹಾಡುಗಳಿರುವ ಫ್ಯಾಮಿಲಿ ಸಿನಿಮಾ ಪುಟ್ಟ ಮಕ್ಕಳಿಗೆ ಸರಿಯೇ ಎಂದು ತಿಳಿಯುವುದು ಹೇಗೆ?

“ತುಂಬಾ ಹಾಡುಗಳಿವೆ, ಫೈಟಿಂಗ್ ಇಲ್ಲ, ಯು ಸರ್ಟಿಫಿಕೇಟ್ ಇದೆ. ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ!” ರಜೆ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇಂಥ ಸಂದೇಶಗಳು ಶುರುವಾಗುತ್ತವೆ. ನಂಬಿ ಹೋದವರಲ್ಲಿ ಕೆಲವರು ಅರ್ಧದಲ್ಲೇ ಅಳುವ ಮಗುವನ್ನು ಎತ್ತಿಕೊಂಡು ಹೊರಬರುತ್ತಾರೆ. ಹಾಗಾದರೆ ತಪ್ಪಿದ್ದೆಲ್ಲಿ?

ಸರ್ಟಿಫಿಕೇಟ್ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಚಿತ್ರಮಂದಿರದ ಸಿನಿಮಾಗಳಿಗೆ ಸರ್ಟಿಫಿಕೇಟ್ ಕೊಡುವುದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ, ಅಂದರೆ ನಾವು ಸೆನ್ಸಾರ್ ಬೋರ್ಡ್ ಎನ್ನುವ ಸಂಸ್ಥೆ. ‘ಯು’ ಎಂದರೆ ಯಾರು ಬೇಕಾದರೂ ನೋಡಬಹುದು. ‘ಎ’ ವಯಸ್ಕರಿಗೆ ಮಾತ್ರ. ನಡುವಿನ ‘ಯುಎ’ ವರ್ಗವನ್ನು 2024ರ ನಿಯಮಗಳು ‘ಯುಎ 7+’, ‘ಯುಎ 13+’, ‘ಯುಎ 16+’ ಎಂದು ಮೂರು ಭಾಗ ಮಾಡಿವೆ. ಈ ಸಂಖ್ಯೆಗಳು ಪೋಷಕರಿಗೆ ಕೊಡುವ ಸಲಹೆ, ನಿರ್ಧಾರ ನಿಮ್ಮದೇ.

‘ಯು’ ಎಂದರೆ ನೋಡಲು ಅಡ್ಡಿಯಿಲ್ಲ ಎಂದಷ್ಟೇ ಅರ್ಥ. ಮೂರು ವರ್ಷದ ಮಗುವಿಗೆಂದೇ ಮಾಡಿದ ಸಿನಿಮಾ ಎಂದಲ್ಲ. ದರ್ಜೆ ಕಾಲಕ್ಕೆ ತಕ್ಕಂತೆ ಬದಲಾಗುವುದೂ ಉಂಟು. 1964ರ ಹಾಡುಗಳ ಸಿನಿಮಾ ‘ಮೇರಿ ಪಾಪಿನ್ಸ್’ಗೆ ಬ್ರಿಟನ್‌ನಲ್ಲಿ ‘ಯು’ ಇತ್ತು. ಅದರಲ್ಲಿ ಜನಾಂಗೀಯ ನಿಂದನೆಯ ಪದವಿದೆ ಎಂಬ ಕಾರಣಕ್ಕೆ 2024ರಲ್ಲಿ ಅದನ್ನು ಪೋಷಕರ ಮಾರ್ಗದರ್ಶನ ಬೇಕಾದ ‘ಪಿಜಿ’ಗೆ ಏರಿಸಲಾಯಿತು.

ಹಾಡುಗಳಿದ್ದರೆ ಭಯ ಇರುವುದಿಲ್ಲವೇ?

ಇರುತ್ತದೆ. 1994ರ ‘ದಿ ಲಯನ್ ಕಿಂಗ್’ ಕಾರ್ಟೂನ್ ಸಿನಿಮಾ, ಹಾಡುಗಳೂ ಜನಪ್ರಿಯ. ಆದರೆ ಅದರಲ್ಲಿ ಮರಿಸಿಂಹದ ಕಣ್ಣೆದುರೇ ತಂದೆ ಸಾಯುತ್ತದೆ, “ನಿನ್ನಿಂದಲೇ ಹೀಗಾಯಿತು” ಎಂದು ಚಿಕ್ಕಪ್ಪ ಮರಿಯನ್ನೇ ದೂರುತ್ತದೆ. ನಮ್ಮ ‘ಭಕ್ತ ಪ್ರಹ್ಲಾದ’ವನ್ನೇ (1983) ನೋಡಿ. ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ದೇವರ ಕಥೆ, ಭಕ್ತಿಗೀತೆಗಳು, ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ. ಆದರೂ ಅದು ಅಪ್ಪನೇ ಮಗನನ್ನು ಕೊಲ್ಲಲು ಹೊರಡುವ ಕಥೆ, ಕೊನೆಗೆ ಬರುವುದು ಉಗ್ರ ನರಸಿಂಹ. ದೊಡ್ಡವರಿಗೆ ಕಾಣುವುದು ಭಕ್ತಿ. ಪುಟ್ಟ ಮಗುವಿಗೆ ಕಾಣುವುದು ಸಿಟ್ಟಿನ ಮುಖ ಮತ್ತು ಘರ್ಜನೆ.

ಸುಮಾರು ಏಳು ವರ್ಷದೊಳಗಿನ ಮಕ್ಕಳು ಕಥೆಯ ಅರ್ಥಕ್ಕಿಂತ ಕಣ್ಣಿಗೆ ಕಾಣುವ ರೂಪ, ಕಿವಿಗೆ ಬೀಳುವ ಶಬ್ದಕ್ಕೇ ಹೆಚ್ಚು ಹೆದರುತ್ತಾರೆ. “ಅದು ಸುಳ್ಳು ಕಣೋ, ಬರೀ ಸಿನಿಮಾ” ಎಂದರೆ ಅವರಿಗೆ ಅಷ್ಟಾಗಿ ಸಮಾಧಾನವಾಗುವುದಿಲ್ಲ. ತಬ್ಬಿಕೊಳ್ಳುವುದು, ಹೊರಗೆ ಕರೆದೊಯ್ಯುವುದು ಹೆಚ್ಚು ಕೆಲಸ ಮಾಡುತ್ತದೆ.

ಟಿಕೆಟ್ ಬುಕ್ ಮಾಡುವ ಮುನ್ನ ನೋಡಬೇಕಾದ್ದು

1. ಅವಧಿ: ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ಸುಮಾರು ಮೂರು ಗಂಟೆಯ ಚಿತ್ರ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂತು ಸ್ಕ್ರೀನ್ ನೋಡುವುದು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಮನೆಯಲ್ಲಾದರೆ ಎರಡು-ಮೂರು ದಿನಕ್ಕೆ ಹಂಚಿ ತೋರಿಸಬಹುದು.

2. ಶಬ್ದ: ಮಕ್ಕಳಿಗೆ ಆ ಸಂಸ್ಥೆ ಹೇಳುವ ಸುರಕ್ಷಿತ ಮಿತಿ 75 ಡೆಸಿಬಲ್, ವಾರಕ್ಕೆ 40 ಗಂಟೆ. ಶಬ್ದ 3 ಡೆಸಿಬಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್ ಆದರೆ ಇಡೀ ವಾರಕ್ಕೆ ಉಳಿಯುವುದು ಒಂದೂಕಾಲು ಗಂಟೆ ಮಾತ್ರ. ಸ್ಪೀಕರ್‌ಗಳಿಂದ ದೂರ ಕೂರಿಸಿ. ಮಗು ಕಿವಿ ಮುಚ್ಚಿಕೊಂಡರೆ ಅದನ್ನು ಹಟ ಎನ್ನಬೇಡಿ.

3. ಅಗಲಿಕೆಯ ದೃಶ್ಯ: ಅಪ್ಪ-ಅಮ್ಮನ ಸಾವು, ಮಗು ಕಳೆದುಹೋಗುವುದು, ಸಾಕುಪ್ರಾಣಿಗೆ ಪೆಟ್ಟು ಇವೆಯೇ ಎಂದು ನೋಡಿದವರನ್ನು ಕೇಳಿ. ಟ್ರೈಲರ್ ಇದನ್ನೆಲ್ಲ ಹೇಳುವುದಿಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ ಇನ್ನಷ್ಟು ಎಚ್ಚರ.

4. ಹಾಡಿನ ಮಾತು: ಮಕ್ಕಳು ಸಂಭಾಷಣೆ ಮರೆತರೂ ಹಾಡು ಮರೆಯುವುದಿಲ್ಲ. ಮಗು ಶಾಲೆಯಲ್ಲಿ ಹಾಡಿದರೆ ನಿಮಗೆ ಮುಜುಗರವಾಗುವಂಥ ಸಾಲುಗಳಿವೆಯೇ? ಮೊದಲೇ ಫೋನಿನಲ್ಲಿ ಒಮ್ಮೆ ಕೇಳಿ.

ಓಟಿಟಿಯಲ್ಲಿ ನೋಡುವುದಾದರೆ ಸಿನಿಮಾ ಶುರುವಾಗುವಾಗ ವಯಸ್ಸಿನ ದರ್ಜೆಯ ಜೊತೆಗೆ ‘ಹಿಂಸೆ’, ‘ಭಯ’ ಎಂಬಂಥ ಸೂಚನೆ ಬರುತ್ತದೆ, ಅದನ್ನು ಓದಿ. ‘ಯು/ಎ 13+’ ಮತ್ತು ಅದಕ್ಕಿಂತ ಮೇಲಿನವಕ್ಕೆ ಪೇರೆಂಟಲ್ ಲಾಕ್ ಸೌಲಭ್ಯ ಇರಲೇಬೇಕೆಂದು 2021ರ ಐಟಿ ನಿಯಮ ಹೇಳುತ್ತದೆ.

ಮಗು ಹೆದರಿದರೆ?

“ದುಡ್ಡು ಕೊಟ್ಟಾಗಿದೆ, ಸ್ವಲ್ಪ ಹೊತ್ತು ಸುಮ್ಮನಿರು” ಎನ್ನಬೇಡಿ. ತಕ್ಷಣ ಹೊರಗೆ ಬನ್ನಿ. ಮನೆಗೆ ಬಂದ ಮೇಲೆ ಮಗು ಅದೇ ದೃಶ್ಯದ ಬಗ್ಗೆ ಮತ್ತೆ ಮತ್ತೆ ಕೇಳಿದರೆ ಗದರಬೇಡಿ, ಚಿಕ್ಕ ಮಾತುಗಳಲ್ಲಿ ಉತ್ತರಿಸಿ. ಕೆಲವು ರಾತ್ರಿ ಪಕ್ಕದಲ್ಲೇ ಮಲಗಿಸಿಕೊಳ್ಳಬೇಕಾಗಬಹುದು. ನಿದ್ದೆಗೇಡು, ಭಯ ವಾರಗಳಾದರೂ ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ.

ಒಟ್ಟಿನಲ್ಲಿ: ‘ಯು’ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಎಲ್ಲ ಪುಟ್ಟ ಮಕ್ಕಳಿಗೂ ಸೂಕ್ತ ಎಂಬುದು ತಪ್ಪು ತಿಳಿವಳಿಕೆ. ಇನ್ನು ಮುಂದೆ ಅಂಥ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದು ಸಾಲು ಸೇರಿಸಿ: ಸಿನಿಮಾ ಎಷ್ಟು ಹೊತ್ತಿನದು, ಭಯದ ದೃಶ್ಯ ಯಾವುದು. ಇನ್ನೊಂದು ಮನೆಯ ಮಗುವಿಗೆ ಅದರಿಂದ ಉಪಕಾರವಾದೀತು.